ಬಿಡುವಿನಲ್ಲಿ ಇಳಿದ ವಿಮಾನ

ನನ್ನ ಗಿರಣಿ ನಡೆಯುವುದು ಮಧ್ಯಾಹ್ನ ಹನ್ನೆರಡರಿಂದ ಒಂದೂವರೆವರೆಗೆ ಮಾತ್ರ. ಪರವೂರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಹನ್ನೆರಡಕ್ಕೆ ಚಾವಡಿಯ ಮಾಳಿಗೆಯ ಮೇಲೆ ಶಿವನಂಜಯ್ಯನವರು ಕೆಂಪು ಬಾವುಟ ಏರಿಸುತ್ತಾರೆ, ಅಷ್ಟರಲ್ಲಿ ಊರಿನ ಸದ್ದೆಲ್ಲ ಹೋಗಿರುತ್ತದೆ. ಚಪ್ಪಾಳೆ ತಟ್ಟಿದರೆ ಅಂಗೈ ಉರಿಯುತ್ತದೆ, ಸದ್ದಾಗುವುದಿಲ್ಲ. ನಾಯಿ ಬಾಯಿ ತೆರೆದು ಮುಚ್ಚುತ್ತದೆ, ಬೊಗಳಿತು ಎಂದು ನಾವೇ ತಿಳಿದುಕೊಳ್ಳಬೇಕು. ಒಂದೂವರೆಗೆ ಎಲ್ಲ ಮರಳಿ ಬರುತ್ತದೆ, ಬಾವುಟ ಇಳಿಯುತ್ತದೆ. ಈ ಹೊತ್ತಿಗೆ ನಮ್ಮೂರಲ್ಲಿ ಬಿಡುವು ಎನ್ನುತ್ತಾರೆ. ಹೆಸರಿಟ್ಟವರು ಯಾರೋ, ದಿನದಲ್ಲಿ ನಮಗೆ ಕೈತುಂಬ ಕೆಲಸವಿರುವುದು ಆಗಲೇ.

ಸದ್ದು ಮಾಡುವ ಕೆಲಸವನ್ನೆಲ್ಲ ಬಿಡುವಿಗೆಂದೇ ಎತ್ತಿಡುವುದು ಊರಿನ ಪದ್ಧತಿ. ಪಕ್ಕದ ಮನೆಯ ಕಾಳಾಚಾರಿ ತಾಮ್ರದ ಹಂಡೆ ಬಡಿಯುವುದು, ಸೌದೆ ಒಡೆಯುವುದು, ಖಾರದ ಪುಡಿ ಕುಟ್ಟುವುದು, ರಾಗಿ ಬಡಿಯುವುದು, ಎಲ್ಲ ಆಗ. ಗಂಡಹೆಂಡಿರು ಜಗಳವನ್ನೂ ಅದೇ ಹೊತ್ತಿಗೆ ಉಳಿಸಿಕೊಳ್ಳುತ್ತಾರೆ. ಮನಸಾರೆ ಬೈದಾಡಿ, ಬಾವುಟ ಇಳಿದ ಮೇಲೆ ಕೂತು ಊಟ ಮಾಡುತ್ತಾರೆ. ಸಾವಿನ ಮನೆಯವರು ಗಟ್ಟಿಯಾಗಿ ಅಳುವುದೂ ಬಿಡುವಿನಲ್ಲೇ. ಅಪ್ಪ ತೀರಿಕೊಂಡದ್ದು ಬೆಳಗಿನ ಎಂಟು ಗಂಟೆಗೆ. ನಾನು ಹನ್ನೆರಡರವರೆಗೆ ಕಾದು ಅತ್ತೆ. ನನ್ನ ಅಳು ಹೇಗಿತ್ತೆಂದು ನನಗೇ ಗೊತ್ತಿಲ್ಲ.

ಉಳಿದ ಹೊತ್ತಿನಲ್ಲಿ ನಾವು ಮೆಲ್ಲಗೆ ಮಾತಾಡುತ್ತೇವೆ, ಬಾಗಿಲನ್ನು ಹಿಡಿದು ಮುಚ್ಚುತ್ತೇವೆ, ಪಾತ್ರೆಯನ್ನು ಬಟ್ಟೆಯ ಮೇಲೆ ಇಡುತ್ತೇವೆ. ಕಿವಿ ಅಷ್ಟು ನಾಜೂಕಾಗಿಬಿಟ್ಟಿದೆ. ಒಮ್ಮೆ ಚಾವಡಿಗೆ ಟೆಲಿಫೋನ್ ಬಂದಿತ್ತು. ಬಿಡುವಿನಲ್ಲಿ ಬಡಿದುಕೊಂಡರೆ ಕೇಳುತ್ತಿರಲಿಲ್ಲ, ಬೇರೆ ಹೊತ್ತಿನಲ್ಲಿ ಬಡಿದುಕೊಂಡರೆ ಊರು ಒಪ್ಪುತ್ತಿರಲಿಲ್ಲ. ಎರಡು ತಿಂಗಳು ನೋಡಿ ಅದನ್ನು ತೆಗೆಸಿದರು.

ನಾನು ದಾಕ್ಷಾಯಣಿ. ಅಪ್ಪನ ನಂತರ ಮೂವತ್ತೊಂದು ವರ್ಷದಿಂದ ಈ ಹಿಟ್ಟಿನ ಗಿರಣಿ ನನ್ನದು. ಅಪ್ಪ ಕಲಿಸಿದ ಹಾಗೆ ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ಅದರ ಯೋಗಕ್ಷೇಮ ತಿಳಿಯುತ್ತೇನೆ. ಬಿಡುವಿನಲ್ಲಿ ಸದ್ದು ಹೋಗುತ್ತದೆಯೇ ಹೊರತು ನಡುಕ ಹೋಗುವುದಿಲ್ಲ. ಬೆಲ್ಟು ಸಡಿಲವಾದರೆ ಹೆಬ್ಬೆರಳಿನ ಬುಡಕ್ಕೆ ಗೊತ್ತಾಗುತ್ತದೆ, ಎಣ್ಣೆ ಕಡಿಮೆಯಾದರೆ ಬೆರಳ ತುದಿಗೆ. ಊರಿನ ಕೈಪಂಪು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಎಂಜಿನ್ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ. ಎಂಜಿನ್ ಓಡುವ ಸದ್ದನ್ನು ಹುಟ್ಟಿದ ಮೇಲೆ ಒಂದು ಸಲವೂ ಕೇಳಿಲ್ಲವಲ್ಲ ಎಂದು ಮಾತ್ರ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಆ ದಿನ ಬಿಡುವು ಶುರುವಾಗಿ ಅರ್ಧ ಗಂಟೆ ಆಗಿತ್ತು. ಗಿರಣಿಯಲ್ಲಿ ಗೋಧಿ ಸುರಿಯುತ್ತಿದ್ದೆ. ಕಾಳಾಚಾರಿ ಬಂದು ನನ್ನ ಕೈಯನ್ನು ಎರಡು ಸಲ ಎಳೆದರು. ಬಿಡುವಿನಲ್ಲಿ ಕೂಗಿ ಎಚ್ಚರಿಸುವಂತಿಲ್ಲ, ಆದ್ದರಿಂದ ನಮ್ಮಲ್ಲಿ ಕೈ ಎಳೆಯುವ ಪದ್ಧತಿ. ಒಂದು ಸಲ ಎಳೆದರೆ ಬಾ ಎಂದು. ಎರಡು ಸಲ ಎಳೆದರೆ ಅಪಾಯ, ಪಕ್ಕದವರ ಕೈಯನ್ನೂ ಎಳೆ ಎಂದು. ಹೊರಗೆ ಬಂದು ಅವರು ತೋರಿಸಿದ ಕಡೆ ನೋಡಿದೆ. ಕರಿಗುಡ್ಡದ ಪಕ್ಕದಿಂದ ಒಂದು ಪುಟ್ಟ ಬಿಳಿ ವಿಮಾನ ಊರ ಮುಂದಿನ ಗೋಮಾಳದ ಕಡೆಗೆ ಇಳಿಯುತ್ತಿತ್ತು. ಅದರ ಮೂತಿಯ ಫ್ಯಾನು ನಿಂತುಹೋಗಿತ್ತು.

ಗೋಮಾಳದ ಕಣದಲ್ಲಿ ಇಪ್ಪತ್ತು ಮೂವತ್ತು ಮಂದಿ ಸಾಲಾಗಿ ನಿಂತು ರಾಗಿ ಬಡಿಯುತ್ತಿದ್ದರು. ಅವರೆಲ್ಲರ ಕಣ್ಣು ತೆನೆಯ ಮೇಲೆ. ನಾನೂ ಕಾಳಾಚಾರಿಯೂ ಓಡಿದೆವು. ಸಾಲಿನ ತುದಿಯಲ್ಲಿದ್ದವಳ ಕೈಯನ್ನು ನಾನು ಎರಡು ಸಲ ಎಳೆದೆ, ಅವಳು ಪಕ್ಕದವನದ್ದನ್ನು, ಅವನು ಅದರ ಪಕ್ಕದವಳದ್ದನ್ನು. ಎಳೆತ ಸಾಲಿನ ಉದ್ದಕ್ಕೂ ಹೋಗುವುದನ್ನು ನೋಡುತ್ತ ನಿಂತೆ. ಕೊನೆಯವನು ಕೋಲು ಬಿಟ್ಟು ಓಡುವುದಕ್ಕೂ ವಿಮಾನದ ಚಕ್ರ ನೆಲ ಮುಟ್ಟುವುದಕ್ಕೂ ಸರಿಹೋಯಿತು. ಅದು ಎರಡು ಸಲ ಪುಟಿದು, ಕಣವನ್ನು ದಾಟಿ, ಹುಲ್ಲಿನ ಬಣವೆಗೆ ಮೂತಿ ಹೊಕ್ಕಿಸಿ ನಿಂತಿತು. ಬಣವೆ ಪೂರ್ತಿ ಅದರ ಬೆನ್ನ ಮೇಲೆ ಕುಸಿಯಿತು. ಅಷ್ಟೂ ಒಂದು ಚೂರು ಸದ್ದಿಲ್ಲದೆ ಆಯಿತು.

ಹುಲ್ಲಿನೊಳಗಿಂದ ಒಬ್ಬರು ಹೊರಬಂದರು. ಐವತ್ತರ ಆಸುಪಾಸು, ದಪ್ಪ ಮೀಸೆ, ಖಾಕಿ ಅಂಗಿ. ನಮ್ಮನ್ನು ನೋಡಿ ಏನೋ ಹೇಳಿದರು. ಹೇಳಿದ್ದು ತಮಗೇ ಕೇಳದಿದ್ದಾಗ ಕಿವಿಗೆ ಹೊಡೆದುಕೊಂಡರು, ಮತ್ತೆ ಬಾಯಿ ಆಡಿಸಿದರು, ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು. ನಾವು ನೀರು ಕೊಟ್ಟೆವು. ಕುಡಿಯಲಿಲ್ಲ. ಒಂದೂವರೆಯವರೆಗೆ ಹಾಗೇ ಕೂತಿದ್ದರು. ಬಾವುಟ ಇಳಿದಾಗ ಅವರಿಗೆ ಮೊದಲು ಕೇಳಿಸಿದ್ದು ಯಾರದೋ ಸೀನು. ಬೆಚ್ಚಿಬಿದ್ದು ಸುತ್ತ ನೋಡಿದರು.

"ನಾನು ಸತ್ತೆ ಅಂತ್ಲೇ ಗ್ರಹಿಸಿದ್ದು ಮಾರಾಯ್ರೆ," ಎಂದರು. "ಸ್ವರ್ಗದಲ್ಲಿ ರಾಗಿ ಬಡೀತಾರೆ ಅಂತ ಪಾದ್ರಿಗಳು ಯಾವತ್ತೂ ಹೇಳಿರ್ಲಿಲ್ಲ."

ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ನಾಲ್ಕೈದು ಮಂದಿ ಕಿವಿ ಮುಚ್ಚಿಕೊಂಡರು.

ಅವರ ಹೆಸರು ಗ್ರೆಗರಿ ಮೊಂತೇರೊ, ಕಡಲ ಕಡೆಯವರು. ವಿಮಾನ ಅವರದ್ದಲ್ಲ. ಯಾರೋ ಮಾರಿದ್ದನ್ನು ಕೊಂಡವರ ಊರಿಗೆ ಮುಟ್ಟಿಸಿ, ಅಲ್ಲೇ ಅದನ್ನು ಹಾರಿಸುವ ಕೆಲಸಕ್ಕೆ ಸೇರಲು ಹೊರಟಿದ್ದರು. ಬಿಟ್ಟು ಹೋಗುವಂತಿಲ್ಲ. ಅಂದೇ ಹೆಂಡತಿ ಜೂಲಿಯಾನಾಗೆ ಒಂದು ಕಾಗದ ಬರೆದುಕೊಟ್ಟರು. ಎರಡು ಹರದಾರಿ ದೂರದ ರಸ್ತೆಗೆ ವಾರಕ್ಕೊಮ್ಮೆ ಬರುವ ಬಸ್ಸಿಗೆ ಅದನ್ನು ಯಾರೋ ಮುಟ್ಟಿಸಿ ಬಂದರು. ಮೊಂತೇರೊ ಅವರನ್ನು ಕಾಳಾಚಾರಿ ತಮ್ಮ ಮನೆಯಲ್ಲಿ ಉಳಿಸಿಕೊಂಡರು. ಮನೆಯಲ್ಲಿ ಮಗಳ ಬಾಣಂತನ, ಎರಡು ತಿಂಗಳ ಕೂಸು ಬೇರೆ, ಆದರೂ ಹಜಾರದಲ್ಲಿ ಒಂದು ಮಂಚ ಹಾಕಿಸಿದರು.

"ಎಂಜಿನ್ ಹೇಗೆ ನಿಂತಿತು?" ಎಂದು ಅವರನ್ನು ಕೇಳಿದೆ.

"ಅದೇ ಗೊತ್ತಿಲ್ಲ ಅಕ್ಕ. ಕರೀ ಗುಡ್ಡ ದಾಟಿದ್ದೇ ಎಲ್ಲ ಶಬ್ದ ಹೋಯ್ತು. ಶಬ್ದ ಹೋದದ್ದು ಮೊದಲಾ, ಎಂಜಿನ್ ಹೋದದ್ದು ಮೊದಲಾ ಅಂತ ನೋಡುವಷ್ಟರಲ್ಲಿ ಅದು ನಡುಗ್ಲಿಕ್ಕೆ ಸುರು ಮಾಡಿತು. ಆಮೇಲೆ ಫ್ಯಾನೇ ನಿಂತಿತು. ಸಾಯುವಾಗ ಎಂತ ಶಬ್ದ ಮಾಡಿತು ಅಂತ ಕೇಳಿದ್ರೆ ಕಾಯಿಲೆ ಇಂಥದ್ದೇ ಅಂತ ನಾನು ಹೇಳ್ತಿದ್ದೆ."

ಮರುದಿನದಿಂದ ನಾನು ಕೆಲಸಕ್ಕೆ ಕೂತೆ. ಪೆಟ್ರೋಲು ಬರುವ ದಾರಿಯ ಜಾಲರಿಯಲ್ಲಿ ಕೆಸರಿನಂಥ ಕಸ ಸಿಕ್ಕಿತು. ಬಿಚ್ಚಿ, ತೊಳೆದು, ಊದಿ, ಮತ್ತೆ ಕೂಡಿಸಿದೆ. ಬಾಗಿದ ಚಕ್ರದ ಕಾಲನ್ನು ಕಾಳಾಚಾರಿ ಕಾಯಿಸಿ ನೆಟ್ಟಗೆ ಮಾಡಿದರು. ಐದನೆಯ ದಿನ ಬಿಡುವಿನಲ್ಲಿ ಎಂಜಿನ್ ಚಾಲೂ ಮಾಡಿದೆವು. ಹುಲ್ಲು ಚಲ್ಲಾಪಿಲ್ಲಿಯಾಗಿ ಹಾರಿತು. ನಾನು ಮೂತಿಯ ಪಕ್ಕದಲ್ಲಿ ಅಂಗೈ ಒತ್ತಿ ನಿಂತೆ. ಮೊಂತೇರೊ ಅಭ್ಯಾಸಬಲದಿಂದ ತಲೆ ವಾಲಿಸಿ ಕಿವಿ ಕೊಟ್ಟು, ಆಮೇಲೆ ನಾಚಿಕೊಂಡು ನನ್ನ ಮುಖ ನೋಡಿದರು.

ಕೈಗೆ ಎಲ್ಲ ಸರಿ ಇತ್ತು. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಎಡವು. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದ ಹಾಗೆ, ಅಷ್ಟೇ. ನಾನು ತಲೆಕೆಡಿಸಿಕೊಳ್ಳಲಿಲ್ಲ. ನನ್ನ ಗಿರಣಿಯ ಎಂಜಿನ್ನೂ ಬಿಸಿಯಾದ ಮೇಲೆ ಹಾಗೇ ಎಡವುತ್ತದೆ, ಅಪ್ಪನ ಕಾಲದಿಂದಲೂ ಎಡವುತ್ತಲೇ ಇದೆ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಎಂಜಿನ್ ಒಂದು ಹೆಜ್ಜೆ ಎಡವಿದರೆ ಹೋಗುವುದೇನು, ಹಿಟ್ಟು ಒಂದು ನಿಮಿಷ ತಡವಾಗುತ್ತದೆ. ಎಂಜಿನ್ ಎಂದರೆ ಹೀಗೇ ಎಂದು ನಾನು ತಿಳಿದಿದ್ದೆ.

"ಒಂದು ಸಲ ಶಬ್ದ ಕೇಳಿದ್ರೆ ಒಳ್ಳೇದಿತ್ತು," ಎಂದು ಮೊಂತೇರೊ ಆ ಸಂಜೆ ಮೆಲ್ಲಗೆ ಹೇಳಿದರು. ಅಷ್ಟು ದಿನಕ್ಕೆ ಅವರು ಮೆಲ್ಲಗೆ ಮಾತಾಡಲು ಕಲಿತಿದ್ದರು. "ಬಿಡುವಿಲ್ಲದಾಗ ಐದೇ ನಿಮಿಷ ಓಡಿಸಿ ನೋಡ್ಲಿಕ್ಕೆ ಆಗುದಿಲ್ವಾ?"

"ಊರು ಒಪ್ಪಲ್ಲ ಸಾರ್. ಯಾವತ್ತೂ ಯಾರೂ ಮಾಡಿಲ್ಲ."

"ನಿಮಗೆ ಧೈರ್ಯ ಉಂಟಲ್ಲ?"

"ನನ್ನ ಕೈ ಇವತ್ತಿನವರೆಗೆ ಸುಳ್ಳು ಹೇಳಿಲ್ಲ," ಎಂದೆ. ಎಷ್ಟು ಬಿಗುಮಾನದಿಂದ ಹೇಳಿದೆನೆಂದರೆ ಕಾಳಾಚಾರಿ ನನ್ನನ್ನು ಒಮ್ಮೆ ತಿರುಗಿ ನೋಡಿದರು.

ಎರಡು ದಿನ ಬಿಟ್ಟು ಬಿಡುವಿನಲ್ಲೇ ಅವರು ಹೊರಟರು. ಊರೆಲ್ಲ ಗೋಮಾಳದ ಅಂಚಿನಲ್ಲಿ ನಿಂತಿತ್ತು. ಎಂಜಿನ್ ಚಾಲೂ ಆದ ಮೇಲೆ ಮೊಂತೇರೊ ಕಿಟಕಿಯಿಂದ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ಹೊರಡಲೇ ಎಂದು ಕೇಳಿದ್ದು. ನಾನು ವಿಮಾನದ ಮೈಯಿಂದ ಅಂಗೈ ತೆಗೆದು ನನ್ನ ಹೆಬ್ಬೆರಳು ಎತ್ತಿದೆ. ಆ ಹೆಬ್ಬೆರಳನ್ನು ಆಮೇಲೆ ಎಷ್ಟೋ ದಿನ ಸುಮ್ಮನೆ ನೋಡಿಕೊಳ್ಳುತ್ತಿದ್ದೆ.

ವಿಮಾನ ಓಡಿತು, ಎದ್ದಿತು, ಕರಿಗುಡ್ಡದ ಎತ್ತರಕ್ಕೆ ಏರಿತು. ಜನ ಕೈ ಬೀಸುತ್ತಿದ್ದರು. ಗುಡ್ಡದ ಆಚೆ ಬರೀ ಬಂಡೆ, ಇಳಿಯಲು ಅಂಗೈಯಗಲ ಜಾಗವಿಲ್ಲ. ಗುಡ್ಡವನ್ನು ದಾಟುವ ಮೊದಲೇ ಅದರ ಒಂದು ರೆಕ್ಕೆ ಕೆಳಗೆ ವಾಲಿತು. ತಿರುಗುತ್ತಿದ್ದಾರೆ ಎಂದುಕೊಂಡೆವು. ತಿರುಗಿದ್ದು ಹೌದು, ಆದರೆ ಫ್ಯಾನಿನ ದಳಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿದ್ದವು. ಬೀಸುತ್ತಿದ್ದ ಕೈಗಳು ಹಾಗೇ ನಿಂತವು. ವಿಮಾನ ಗೋಮಾಳದ ಈಚೆ ಅಂಚಿಗೆ ಮುಟ್ಟುವಷ್ಟು ಮಾತ್ರ ಹಾರಿತು. ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಿ ಮುದುರಿತು, ವಿಮಾನ ಅರ್ಧ ಸುತ್ತು ಸುತ್ತಿ ಕುಂಟುತ್ತ ನಿಂತಿತು.

ನಾವು ಹೋಗಿ ಬಾಗಿಲು ತೆಗೆದಾಗ ಮೊಂತೇರೊ ಅವರ ಬಾಯಿ ಅಗಲವಾಗಿ ತೆರೆದಿತ್ತು. ಎಡ ಭುಜದ ಮೂಳೆ ಮುರಿದಿತ್ತು. ಅವರು ಎಷ್ಟು ಗಟ್ಟಿಯಾಗಿ ಕೂಗುತ್ತಿದ್ದರೋ ನಮಗೆ ಯಾರಿಗೂ ತಿಳಿಯಲಿಲ್ಲ. ಸದ್ದು ಮರಳುವಷ್ಟರಲ್ಲಿ ಹಲ್ಲು ಕಚ್ಚಿಕೊಂಡು ಸುಮ್ಮನಾಗಿದ್ದರು.

ಭುಜಕ್ಕೆ ಕಟ್ಟು ಹಾಕಿದರು. ಒಂದೂವರೆ ತಿಂಗಳು ಅಲ್ಲಾಡಬಾರದು ಎಂದರು. ಮೊಂತೇರೊ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬಿಡುವಿನಲ್ಲಾದರೂ ಬೈಯುತ್ತಾರೇನೋ ಎಂದು ಅವರ ತುಟಿಯನ್ನೇ ನೋಡುತ್ತಿದ್ದೆ. ಅವರು ಬಿಡುವಿನಲ್ಲಿ ಗಿರಣಿಯ ಬೆಂಚಿನ ಮೇಲೆ ಕೂತು ಹಾಡು ಹೇಳುತ್ತಿದ್ದರು. ಯಾವ ಹಾಡೋ, ಹೇಗೆ ಹಾಡುತ್ತಾರೋ, ಇವತ್ತಿಗೂ ನಮಗೆ ಗೊತ್ತಿಲ್ಲ.

ಹತ್ತು ದಿನ ಕಳೆದ ಮೇಲೆ ಅವರೇ ಹೇಳಿದರು. "ಅಕ್ಕ, ನಾನು ಇನ್ನೊಂದು ಸಲ ಹತ್ತುದು ಅದನ್ನು ಕೇಳಿದ ಮೇಲೆಯೇ. ಎರಡು ಸಲ ಬದುಕಿದೆ. ಮೂರನೇ ಸಲಕ್ಕೆ ನಿಮ್ಮ ಊರಿನಲ್ಲಿ ಬಣವೆ ಉಳಿದಿಲ್ಲ."

ಆ ಸಂಜೆ ನಾನು ಚಾವಡಿಗೆ ಹೋದೆ. ಹಿರಿಯರೆಲ್ಲ ಇದ್ದರು. ಬಿಡುವಿಲ್ಲದ ಹೊತ್ತಿನಲ್ಲಿ ಒಂದು ಸಲ ವಿಮಾನದ ಎಂಜಿನ್ ಓಡಿಸಬೇಕು ಎಂದೆ. ಶಿವನಂಜಯ್ಯನವರು ಮಡಿಚಿದ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರಿದರು. ಅವರು ಕೆಟ್ಟವರಲ್ಲ. ನಲವತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಆ ಏಣಿ ಹತ್ತಿದವರು.

"ಸದ್ದಿಗೆ ಅದರದ್ದೇ ಜಾಗ ಅಂತ ಐತೆ ತಾಯಿ," ಎಂದರು. "ಇವತ್ತು ವಿಮಾನ ಅಂತೀಯ. ನಾಳೆ ಒಬ್ಬ ಬೆಳಿಗ್ಗೆ ಎದ್ದು ಹೆಂಡ್ತಿ ಮ್ಯಾಲೆ ಕೂಗ್ತಾನೆ. ನಾಳಿದ್ದು ಇನ್ನೊಬ್ಬ ಸೌದೆ ಒಡೀತಾನೆ. ಆಮೇಲೆ ಊರು ಊರಾಗಿರ್ತದಾ?"

"ಅವರ ಜೀವದ ಪ್ರಶ್ನೆ ಶಿವನಂಜಣ್ಣ."

"ಗೊತ್ತು ಕಣವ್ವ. ಆಚಾರಿ ಮನೇಲಿ ಎಳೇ ಕೂಸೂ ಐತೆ. ಅದು ಹೆದರಿ ಏನಾದ್ರೂ ಆದ್ರೆ ಆ ಜೀವಕ್ಕೆ ಯಾರು ಹೊಣೆ?"

ಎದ್ದು ಬರಬೇಕು ಎನ್ನುವಷ್ಟರಲ್ಲಿ ಕಂಬದ ಪಕ್ಕ ಕೂತಿದ್ದ ಕಾಳಾಚಾರಿ ಗಂಟಲು ಸರಿಮಾಡಿಕೊಂಡರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಕೂಸಿನ ಮಾತು ನಂಗೆ ಬಿಡಿ, ನಾನು ಎತ್ಕೊಂಡು ಕೂರ್ತೀನಿ," ಎಂದರು. "ಅರವತ್ತು ವರ್ಷ ಆಯ್ತು ಹಂಡೆ ಬಡಿಯಕ್ಕೆ ಹಿಡಿದು. ಬಡಿದ್ರೆ ಹೆಂಗ್ ಕೇಳುತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಸಾಯೋದ್ರೊಳಗೆ ಯಾವ್ದಾದ್ರೂ ಒಂದು ದೊಡ್ಡ ಸದ್ದು ಕೇಳ್ಬೇಕು ಅಂತ ಆಸೆ ಐತೆ. ಕೇಳಿಸ್ರಪ್ಪ."

ಸಭೆಯಲ್ಲಿ ಯಾರೋ ನಕ್ಕರು, ಆಮೇಲೆ ಇನ್ನೊಬ್ಬರು. ಆಸೆ ಅವರೊಬ್ಬರಿಗೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಶಿವನಂಜಯ್ಯನವರು ಬಾವುಟವನ್ನು ಒಮ್ಮೆ ಬಿಚ್ಚಿ ಮತ್ತೆ ಮಡಿಚಿದರು. "ಒಂದ್ ಸಲ," ಎಂದರು. "ಬೆಳಿಗ್ಗೆ ಹೊತ್ತು. ದನಗಳನ್ನ ಮೊದಲು ಆಚೆ ಹೊಡೀರಿ."

ಭಾನುವಾರ ಬೆಳಿಗ್ಗೆ ದನಗಳನ್ನು ದೂರ ಅಟ್ಟಿದರು. ಹಲವರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು. ಕಾಳಾಚಾರಿ ಮೊಮ್ಮಗಳನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕಣದ ಕಲ್ಲಿನ ಮೇಲೆ ಕೂತರು. ಮೊಂತೇರೊ ಕಟ್ಟಿದ ಕೈಯೊಂದಿಗೆ ವಿಮಾನದ ಪಕ್ಕದಲ್ಲೊಂದು ಸ್ಟೂಲಿನ ಮೇಲೆ ಕೂತರು. ಎಂಜಿನ್ನನ್ನು ನಾನೇ ಚಾಲೂ ಮಾಡಿದೆ.

ಅದನ್ನು ಹೇಗೆ ಹೇಳಬೇಕೋ ತಿಳಿಯದು. ಮೊದಲು ಸದ್ದು ಅನ್ನಿಸಲೇ ಇಲ್ಲ, ಯಾರೋ ಎದೆಗೆ ಗುದ್ದಿದರು ಅನ್ನಿಸಿತು. ಮರಗಳಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದುಹೋದವು. ನಾಯಿಗಳು ಕಾಣಿಸಲಿಲ್ಲ. ಶಿವನಂಜಯ್ಯನವರು ಎರಡು ಕೈಯಿಂದ ಚಾವಡಿಯ ಕಂಬ ಹಿಡಿದುಕೊಂಡಿದ್ದು ದೂರದಿಂದ ಕಾಣುತ್ತಿತ್ತು. ನನಗೆ ಭಯವಾಯಿತು, ಸುಳ್ಳೇಕೆ. ಗಿರಣಿಯಲ್ಲಿರುವ ಇದರ ಅಣ್ಣನ ಜೊತೆ ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕಳೆದೆನಲ್ಲ, ಅದು ದಿನಾ ಇಷ್ಟು ಕೂಗುತ್ತಿತ್ತೇ ಎಂದುಕೊಂಡೆ. ಕಾಳಾಚಾರಿ ಮಾತ್ರ ಕಣ್ಣು ಮುಚ್ಚಿ, ಮಗುವನ್ನು ಅಪ್ಪಿಕೊಂಡು, ಬಾಯಿ ಸ್ವಲ್ಪ ತೆರೆದು ಕೂತಿದ್ದರು. ಮಗು ನಿದ್ದೆ ಮಾಡುತ್ತಿತ್ತು.

ಎಂಜಿನ್ ಬಿಸಿಯಾಯಿತು. ಮೊಂತೇರೊ ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆಲೇ ಅವರ ಬಲಗೈಯ ತೋರುಬೆರಳು ಮೇಲೆದ್ದಿತು. ಅದೇ ಗಳಿಗೆ ನನ್ನ ಅಂಗೈಗೆ ಆ ಎಡವು ತಾಗಿತು. ಕಾಕತಾಳೀಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೆರಳು ಮತ್ತೆ ಎದ್ದಿತು, ಮತ್ತೆ ಎಡವು. ಅವರಿಗೆ ನನ್ನ ಕೈ ಕಾಣುತ್ತಿರಲಿಲ್ಲ, ಕಣ್ಣು ಮುಚ್ಚಿದ್ದವು. ನನ್ನ ಕಿವಿಗೆ ಬರೀ ಗದ್ದಲ, ಅವರು ಕೇಳುತ್ತಿದ್ದುದು ಯಾವುದೆಂದು ತಿಳಿಯುತ್ತಿರಲಿಲ್ಲ. ಆದರೆ ಅವರ ಬೆರಳು ಎದ್ದಾಗಲೆಲ್ಲ ನನ್ನ ಅಂಗೈ ಒಂದು ಮೆಟ್ಟಿಲು ತಪ್ಪುತ್ತಿತ್ತು. ಹನ್ನೊಂದು ಸಲ ಹಾಗಾಯಿತು. ಎಂಜಿನ್ ಆರಿಸಿದೆ. ಸದ್ದು ನಿಂತದ್ದೇ ಮಗು ಎದ್ದು ಅಳಲು ಶುರುಮಾಡಿತು.

"ಒಂದು ವಾಲ್ವ್ ಸಿಕ್ಕಿಕೊಳ್ತಾ ಉಂಟು," ಎಂದರು ಮೊಂತೇರೊ. "ಮಸಿ ಕಟ್ಟಿದೆ. ಬಿಸಿಯಾದ ಕೂಡ್ಲೆ ಬಿಗಿ ಆಗ್ತದೆ. ನೆಲದ ಮೇಲೆ ಬರೀ ಎಡವ್ತದೆ, ಮೇಲೆ ಹೋಗಿ ಜೋರು ಮಾಡಿದ್ರೆ ಕಚ್ಚಿಕೊಂಡೇ ಬಿಡ್ತದೆ. ಕಸದ್ದಲ್ಲ ತಪ್ಪು."

"ನನಗೆ ಗೊತ್ತಿತ್ತು ಸಾರ್," ಎಂದೆ.

ಅವರು ತಿರುಗಿ ನೋಡಿದರು.

"ಕೈಗೆ ಗೊತ್ತಿತ್ತು. ಮೊದಲನೇ ದಿನಾನೇ ಸಿಕ್ಕಿತ್ತು. ನನ್ನ ಗಿರಣಿ ಎಂಜಿನ್ನೂ ಹಿಂಗೇ ಎಡವುತ್ತೆ. ಎಲ್ಲಾ ಎಂಜಿನ್ನೂ ಹಿಂಗೇ ಇರುತ್ತೆ ಅಂದ್ಕೊಂಡೆ. ನಾನು ಕಂಡಿರೋದು ಅದೊಂದನ್ನೇ. ಹೆಬ್ಬೆರಳು ಎತ್ತಿ ನಿಮ್ಮನ್ನ ಕಳಿಸಿಬಿಟ್ಟೆ."

ಅಷ್ಟು ಜನರ ಮುಂದೆ ಹೇಳಿ ನನ್ನ ಮುಖ ಸಣ್ಣದಾಗಿತ್ತು. ಮೊಂತೇರೊ ನಗಲು ಹೋಗಿ ಭುಜ ನೋಯಿಸಿಕೊಂಡರು. "ಮೂವತ್ತು ವರ್ಷದಿಂದ ಕೆಟ್ಟ ಎಂಜಿನ್ನಿನಲ್ಲಿ ಹಿಟ್ಟು ಮಾಡಿಸಿ ತಿನ್ನಿಸಿದ್ದೀರಲ್ಲ ಮಾರಾಯ್ತಿ," ಎಂದರು. ಆಮೇಲೆ ದನಿ ತಗ್ಗಿಸಿ, "ನನ್ನ ಕಿವಿಗೆ ಹನ್ನೊಂದೂ ಕೇಳಿದ್ದು ಹೌದು. ಆದರೆ ಐದನೇದು ಭಾರೀ ಸಣ್ಣದಿತ್ತು, ಉಂಟೋ ಇಲ್ವೋ ಅಂತ ಅನುಮಾನ ಇತ್ತು. ನಿಮಗೆ?" ಎಂದರು.

"ಐದನೇದು ಇತ್ತು," ಎಂದೆ.

ವಾಲ್ವ್ ಬಿಚ್ಚಲು ಎರಡು ವಾರ ಹಿಡಿಯಿತು. ಬೇಕಾದ ಸಾಮಾನನ್ನು ಕಾಳಾಚಾರಿ ಮಾಡಿಕೊಟ್ಟರು. ಅದರ ಕಡ್ಡಿಗೆ ಕಟ್ಟಿದ್ದ ಮಸಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಪ್ಪುಕಾಗದದಿಂದ ಉಜ್ಜಿ, ಬೆರಳಲ್ಲಿ ಜಾರುವ ಹಾಗೆ ಮಾಡಿದೆ. ಮುದುರಿದ ರೆಕ್ಕೆಯ ತುದಿಯನ್ನು ಕತ್ತರಿಸಿ ಆ ಜಾಗಕ್ಕೆ ಕಾಳಾಚಾರಿ ಕಾಗದದಷ್ಟು ತೆಳ್ಳಗೆ ಬಡಿದ ತಾಮ್ರದ ತಗಡು ಕೂರಿಸಿದರು. ಬಿಳಿ ವಿಮಾನಕ್ಕೆ ಒಂದೇ ಕಿವಿಗೆ ಓಲೆ ಇಟ್ಟ ಹಾಗೆ ಕಾಣುತ್ತಿತ್ತು. ಅದೇ ಕೈಯಲ್ಲಿ ನನ್ನ ಗಿರಣಿಯ ಎಂಜಿನ್ನನ್ನೂ ಬಿಚ್ಚಿದೆವು. ಅದರಲ್ಲೂ ಅದೇ ಕಾಯಿಲೆ. ಸರಿ ಮಾಡಿದ ಮೇಲೆ ಒಂದು ವಾರ ನನಗೆ ಗಿರಣಿಯಲ್ಲಿ ನಿಲ್ಲಲು ಹಿತವಾಗಲಿಲ್ಲ. ಎಡವದ ಎಂಜಿನ್ನಿಗೆ ಕೈ ಒಗ್ಗಬೇಕಿತ್ತು.

ಮೊಂತೇರೊ ಅವರ ಭುಜ ಕೂಡಿಕೊಂಡ ಮೇಲೆ ಬಿಡುವಿನಲ್ಲಿ ನಾಲ್ಕು ದಿನ ಎಂಜಿನ್ ಓಡಿಸಿದೆವು. ಎಷ್ಟು ಬಿಸಿಯಾದರೂ ಅಂಗೈಗೆ ಒಂದು ತಪ್ಪೂ ಸಿಗಲಿಲ್ಲ. ನಾನು ಹೆಬ್ಬೆರಳು ಎತ್ತಲಿಲ್ಲ. ನೀವೇ ಕೇಳಿ ಹೊರಡಿ ಎಂದೆ. ಈ ಸಲ ಶಿವನಂಜಯ್ಯನವರನ್ನು ಯಾರೂ ಕೇಳಬೇಕಾಗಲಿಲ್ಲ. "ನಾಲ್ಕು ಗಂಟೆಗೆ ಹೊರಡ್ಲಿ," ಎಂದು ಅವರೇ ಹೇಳಿಕಳಿಸಿದರು. "ಹೋಗೋದು ಕೇಳಿಸ್ಬೇಕು. ಹೋದ ಸಲ ಏನೂ ಗೊತ್ತಾಗ್ಲಿಲ್ಲ."

ಹತ್ತಿ ಇಟ್ಟುಕೊಂಡು ಬಂದವರು ಈ ಸಲ ಕಡಿಮೆ. ವಿಮಾನ ಕೂಗುತ್ತ ಎದ್ದಿತು, ಕರಿಗುಡ್ಡ ದಾಟಿತು, ಕಣ್ಣಿಗೆ ಮರೆಯಾಯಿತು. ಸದ್ದು ಇತ್ತು. ಊರಿಗೆ ಊರೇ ಗೋಮಾಳದಲ್ಲಿ ಉಸಿರು ಹಿಡಿದು ನಿಂತು ಆ ಸದ್ದನ್ನು ಕೇಳುತ್ತಿತ್ತು. ಅದು ಸಣ್ಣದಾಯಿತು, ದಾರದಷ್ಟಾಯಿತು, ಇದೆಯೋ ಇಲ್ಲವೋ ಎನ್ನುವಂತಾಯಿತು. ಆಮೇಲೆ ಇರಲಿಲ್ಲ.

ಕಾಳಾಚಾರಿ ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ದಾಕ್ಷಕ್ಕ, ದೂರ ಹೋಗಿದ್ದಕ್ಕೆ ಕೇಳ್ತಿಲ್ವೋ, ನಿಂತೇ ಹೋಯ್ತೋ?"

ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೆ ಗೊತ್ತಿರಲು ಸಾಧ್ಯ. ವಿಮಾನ ದೂರವಾಗುವುದು ಕಿವಿಗೆ ಹೇಗಿರುತ್ತದೆಂದು ಕೇಳಿದವರು ಆ ಗೋಮಾಳದಲ್ಲಿ ಒಬ್ಬರೂ ಇರಲಿಲ್ಲ. ನಾಲ್ಕು ಮಂದಿ ಗುಡ್ಡ ಹತ್ತಿ ಆಚೆಯ ಬಂಡೆಗಳನ್ನು ನೋಡಿ ಬಂದರು. ಏನೂ ಕಾಣಲಿಲ್ಲ ಎಂದರು. ಗುಡ್ಡದ ಆಚೆ ಇನ್ನೂ ಗುಡ್ಡಗಳಿವೆ.

ಮುಟ್ಟಿದ ಮೇಲೆ ಕಾಗದ ಬರೆಯುತ್ತೇನೆ ಎಂದು ಮೊಂತೇರೊ ಹೇಳಿದ್ದರು. ಮೊದಲನೆಯ ವಾರದ ಬಸ್ಸಿಗೆ ಕಾಗದ ಬರಲಿಲ್ಲ, ಎರಡನೆಯ ವಾರಕ್ಕೂ ಬರಲಿಲ್ಲ. ಊರಿನಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ, ಆದರೆ ನಾಲ್ಕು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಇರುವವರೆಲ್ಲ ಸುಮ್ಮನಾಗಿ ಗುಡ್ಡದ ಕಡೆ ಕಿವಿ ಕೊಡುತ್ತಿದ್ದರು. ನಾನು ಬೆಳಿಗ್ಗೆಯಿಂದಲೇ ಕೊಡುತ್ತಿದ್ದೆ. ಒಮ್ಮೆ ಅವರ ಭುಜ ಮುರಿಸಿದ್ದು ನನ್ನ ಕೈ. ಎರಡನೆಯ ಸಲವೂ ಅದೇ ಕೈಯನ್ನು ನಂಬಿ ಹೋಗಿದ್ದರು. ಬಿಡುವಿನಲ್ಲಿ ಮಾತ್ರ ನನಗೆ ನೆಮ್ಮದಿ. ಆಗ ಕಾಯಲು ಏನೂ ಇರಲಿಲ್ಲ.

ಹದಿನೇಳನೆಯ ದಿನ ಬಿಡುವಿನ ನಡುವೆ ಗಿರಣಿಯ ಬೆಲ್ಟು ಜಾರಿತು. ಎಂಜಿನ್ ನಿಲ್ಲಿಸಿ, ಬೆಲ್ಟನ್ನು ಮತ್ತೆ ಏರಿಸಲು ಎಡಗೈಯನ್ನು ತಗಡಿನ ಗೋಡೆಗೆ ಊರಿದೆ. ತಗಡು ನಡುಗುತ್ತಿತ್ತು. ನನ್ನ ಎಂಜಿನ್ ನಿಂತು ಆಗಲೇ ಎರಡು ನಿಮಿಷವಾಗಿತ್ತು. ಬೆಲ್ಟು ಕೆಳಗೆ ಬಿಟ್ಟು ಎರಡೂ ಅಂಗೈಗಳನ್ನು ತಗಡಿಗೆ ಒತ್ತಿದೆ. ನಡುಕ ಜೋರಾಗುತ್ತ ಬಂತು. ಅದು ಯಾವುದೆಂದು ಕೈಗೆ ಗೊತ್ತಾಯಿತು. ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಅವರು ಬಿಡುವಿನ ಹೊತ್ತು ನೋಡಿಕೊಂಡು ಬಂದಿದ್ದರು.

ಕಾಳಾಚಾರಿ ಒಳಗೆ ನುಗ್ಗಿ ಬಂದು ನನ್ನ ಕೈಯನ್ನು ಒಂದು ಸಲ ಎಳೆದರು. ಬಾ ಎಂದು. ಆಕಾಶ ತೋರಿಸಿದರು, ಎರಡು ತೋಳು ಚಾಚಿದರು, ಎಡಗೈಯ ತುದಿಯನ್ನು ಮುಟ್ಟಿ ತಾಮ್ರ ಎಂದು ತುಟಿ ಆಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಹೋಗಲಿಲ್ಲ. ಅವರ ಕೈಯನ್ನು ಹಿಡಿದು ತಗಡಿನ ಮೇಲೆ, ನನ್ನ ಕೈಯ ಪಕ್ಕದಲ್ಲಿ ಇಟ್ಟೆ. ಅರವತ್ತು ವರ್ಷ ಹಂಡೆ ಬಡಿದ ಕೈ, ಅದಕ್ಕೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ನಡುಕ ಊರ ಸುತ್ತ ಒಂದು ಸುತ್ತು ಹಾಕಿ, ತೆಳುವಾಗಿ, ತಗಡು ತಣ್ಣಗಾಗುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು.

ಬಾವುಟ ಇಳಿದ ಮೇಲೆ ಅವರು ಕೇಳಿದರು, "ಹೊರಗೆ ಯಾಕೆ ಬರ್ಲಿಲ್ಲ ದಾಕ್ಷಕ್ಕ? ಕಿಟಕೀಲಿ ಕೈ ಆಡಿಸಿದ್ರು. ಊರೆಲ್ಲ ನೋಡ್ತು, ನೀನೊಬ್ಬಳು ನೋಡ್ಲಿಲ್ಲ."

"ಒಂದ್ಸಲಾನೂ ಎಡವ್ಲಿಲ್ಲ ಆಚಾರ್ರೇ," ಎಂದೆ.